‘ಪ್ರಚ್ಛನ್ನ ಶಕ್ತಿ’ಯೋ, ‘ವಿಭವ ಶಕ್ತಿ’ಯೋ?

ಮಾನ್ಯರೇ,

ಪ್ರೌಢಶಾಲೆಯೊಂದರ ವಿಜ್ಞಾನ ಪ್ರದರ್ಶನಕ್ಕಾಗಿ ಒಂದು ಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಮುದ್ರಣಕ್ಕೆ ಹೋಗಬೇಕು. ಎಡಕ್ಕೆ ಭೂಮಿ ಮತ್ತು ಕಲ್ಲು, ಬಲಕ್ಕೆ ಪ್ರೋಟಾನು ಮತ್ತು ಎಲೆಕ್ಟ್ರಾನು. ಎರಡು ಕಡೆಯೂ ‘ಪೊಟೆನ್ಷಿಯಲ್ ಎನರ್ಜಿ’ಯ, ಅಂದರೆ ಜೋಡಿಯ ವಸ್ತುಗಳು ಇರುವ ಸ್ಥಾನದಿಂದ ಬರುವ ಶಕ್ತಿಯ, ಪರಿಮಾಣ ದೂರಕ್ಕೆ ವಿಲೋಮವಾಗಿರುತ್ತದೆ (ದೂರ ಇಮ್ಮಡಿಯಾದರೆ ಅದು ಅರ್ಧ) ಎಂಬುದೇ ಅದರ ತಿರುಳು. ಎಡಗಡೆ ಪಠ್ಯಪುಸ್ತಕದ ರೂಢಿಯಂತೆ ‘ಗುರುತ್ವ ಪ್ರಚ್ಛನ್ನ ಶಕ್ತಿ’ ಎಂದು ಬರೆದೆ. ಬಲಗಡೆಯೂ ಅದನ್ನೇ ಬಳಸಿದರೆ ಪಕ್ಕದ ಸಾಲಿನ ‘ವಿಭವಾಂತರ’ಕ್ಕೂ (ವೋಲ್ಟ್‌ಗಳಲ್ಲಿ ಅಳೆಯುವ ‘ಪೊಟೆನ್ಷಿಯಲ್ ಡಿಫರೆನ್ಸ್’) ಅದಕ್ಕೂ ಇರುವ ನಂಟು ಕಾಣುವುದಿಲ್ಲ. ಎರಡಕ್ಕೂ ಒಪ್ಪುವ ಪದ ಯಾವುದು?

ಉತ್ತರ 1:
‘ಅಡಗಿದ ಕಸುವು’ ಎನ್ನಿ. ‘ಪ್ರಚ್ಛನ್ನ’ ಎಂದರೂ ಅಡಗಿದ್ದು ಎಂದೇ ಅರ್ಥ. ಆ ಒತ್ತಕ್ಷರಗಳನ್ನು ತಪ್ಪಿಲ್ಲದೆ ಬರೆಯುವ ಮಕ್ಕಳನ್ನು ನಾನು ಕಂಡದ್ದು ಕಡಿಮೆ. ಇದರಲ್ಲಿ ಚರ್ಚಿಸುವಂಥದ್ದೇನೂ ಇಲ್ಲ.

ಉತ್ತರ 2:
ಚರ್ಚಿಸಬೇಕಾದದ್ದು ಆ ‘ಅಡಗಿದ’ ಎಂಬ ಮಾತನ್ನೇ. 1853ರಲ್ಲಿ ಸ್ಕಾಟ್ಲೆಂಡಿನ ಎಂಜಿನಿಯರ್ ರಾಂಕಿನ್ ‘ಪೊಟೆನ್ಷಿಯಲ್ ಎನರ್ಜಿ’ ಎಂದು ಹೆಸರಿಟ್ಟಾಗ ಅದಕ್ಕೆ ಎದುರಾಗಿ ಇಟ್ಟದ್ದು ‘ಆಕ್ಚುಯಲ್’ ಎಂಬುದನ್ನು; ಅಂದರೆ ಅವರ ಮನಸ್ಸಿನಲ್ಲಿದ್ದದ್ದು ಸಾಧ್ಯ ಮತ್ತು ಸಿದ್ಧ ಎಂಬ ಭೇದವೇ ಹೊರತು ಬಚ್ಚಿಟ್ಟದ್ದು, ಬಯಲಾದದ್ದು ಎಂಬುದಲ್ಲ. ಕಲ್ಲಿನೊಳಗೆ ಏನೂ ಅಡಗಿಲ್ಲ. ಆ ಶಕ್ತಿ ಭೂಮಿ ಮತ್ತು ಕಲ್ಲು ಎಂಬ ಜೋಡಿಗೆ ಸೇರಿದ್ದು. ಇನ್ನು ಚಿಹ್ನೆಯನ್ನು ನೋಡಿ. ಅನಂತ ದೂರದಲ್ಲಿ ಶಕ್ತಿಯನ್ನು ಸೊನ್ನೆ ಎಂದು ಹಿಡಿದರೆ ಗುರುತ್ವದ್ದು ಯಾವಾಗಲೂ ಋಣ. ವಿದ್ಯುತ್ತಿನದು ವಿಜಾತೀಯ ಆವೇಶಗಳ (ಒಂದು ಧನ, ಇನ್ನೊಂದು ಋಣ) ನಡುವೆ ಋಣ, ಸಜಾತೀಯಗಳ ನಡುವೆ ಧನ. ಅಡಗಿರುವ ವಸ್ತು ಸೊನ್ನೆಗಿಂತ ಕಡಿಮೆಯಾಗುವುದು ಹೇಗೆ? ‘ಋಣ’ವೆಂದರೆ ಸಾಲ ಎಂದು ಬಲ್ಲವರಿಗೆ ಮಾತ್ರ ಇದು ಸಲೀಸು: ನೆಲದ ಮೇಲಿನ ಒಂದು ಕಿಲೋಗ್ರಾಂ ಕಲ್ಲು ಭೂಮಿಯ ಹಿಡಿತದಿಂದ ಪೂರ್ತಿ ಬಿಡಿಸಿಕೊಳ್ಳಲು ಸುಮಾರು 6.25 ಕೋಟಿ ಜೂಲ್‌ಗಳ ಸಾಲ ತೀರಿಸಬೇಕು.

‘ವಿಭವ’ವನ್ನು ಇಟ್ಟುಕೊಂಡರೆ ಲೆಕ್ಕ ಕೂಡುತ್ತದೆ. ಏಕಮಾನ ದ್ರವ್ಯರಾಶಿಗೆ ಸಲ್ಲುವ ಶಕ್ತಿ ಗುರುತ್ವ ವಿಭವ, ಏಕಮಾನ ಆವೇಶಕ್ಕೆ ಸಲ್ಲುವುದು ವಿದ್ಯುತ್ ವಿಭವ. ಅವನ್ನು ಕ್ರಮವಾಗಿ ದ್ರವ್ಯರಾಶಿಯಿಂದಲೂ ಆವೇಶದಿಂದಲೂ ಗುಣಿಸಿದರೆ ಬರುವುದು ವಿಭವ ಶಕ್ತಿ.

ಉತ್ತರ 1:
ವಿಭವವೆಂದರೆ ಪಂಚಾಂಗದಲ್ಲಿ ಪ್ರಭವದ ಮರುವರ್ಷ. ಜೂಲ್, ವೋಲ್ಟ್‌ಗಳನ್ನು ಹಾಗೆಯೇ ನುಂಗಿದ ಮೇಲೆ ‘ಪೊಟೆನ್ಷಿಯಲ್’ ಒಂದಕ್ಕೆ ಮಡಿ ಏಕೆ?

ಉತ್ತರ 2:
ಅವು ವ್ಯಕ್ತಿಗಳ ಹೆಸರಿನಿಂದ ಬಂದ ಮಾನಗಳು. ಮಾನಕ್ಕೂ ಪರಿಕಲ್ಪನೆಗೂ ಒಂದೇ ನಿಯಮ ಸಲ್ಲದು.

ಕೇಳಿದವರು:
ಎರಡು ಕಡೆಯೂ ‘ವಿಭವ ಶಕ್ತಿ’ ಎಂದೇ ಇಟ್ಟು, ಮಕ್ಕಳಿಗೆ ಪರಿಚಿತವಾದ ‘ಪ್ರಚ್ಛನ್ನ ಶಕ್ತಿ’ಯನ್ನು ಮೊದಲ ಸಲ ಮಾತ್ರ ಆವರಣದಲ್ಲಿ ಕೊಡುತ್ತೇನೆ. ಪ್ರೋಟಾನು-ಎಲೆಕ್ಟ್ರಾನು ಜೋಡಿಯಲ್ಲಿ ವಿದ್ಯುತ್ತಿನ ಪಾಲು ಗುರುತ್ವದ ಪಾಲಿಗಿಂತ ಸುಮಾರು 2ರ ಮುಂದೆ 39 ಸೊನ್ನೆ ಹಾಕಿದಷ್ಟು ಪಟ್ಟು ಹೆಚ್ಚು ಎಂಬ ಸಾಲಿಗೂ ಈಗ ಪದ ಹೊಂದುತ್ತದೆ. ಒಂದೇ ಸಂದೇಹ: ‘ಸ್ಥಿರವಿದ್ಯುತ್ ವಿಭವ ಶಕ್ತಿ’ ಎಂದು ಬಿಡಿಸಿ ಬರೆಯಲೇ, ‘ಸ್ಥಿರವಿದ್ಯುದ್ವಿಭವಶಕ್ತಿ’ ಎಂದು ಸಂಧಿ ಮಾಡಲೇ?

ಉತ್ತರ 1:
ಬಿಡಿಸಿಯೇ ಬರೆಯಿರಿ. ಇಷ್ಟಕ್ಕಾದರೂ ನಮ್ಮಿಬ್ಬರಲ್ಲಿ ಜಗಳವಿರಲಾರದು.