ಗಾಲ್ಫ್ ಸ್ಪರ್ಧೆಯೆಂದರೆ ಪ್ರಾಣವಾಗಿದ್ದ ಸಹಪಾಠಿಯ ನೆನಪಿಗೆ ಏನು ಮಾಡುವುದು ಸರಿ?

ಪ್ರಶ್ನೆ – ಹಲಸೂರಿನ ಹಳೆಯ ವಿದ್ಯಾರ್ಥಿ

ಹಲಸೂರಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ನಮ್ಮೊಂದಿಗೆ ಓದಿದ ಗೆಳೆಯನೊಬ್ಬ ಕಳೆದ ವರ್ಷ ಹೃದಯಾಘಾತದಿಂದ ತೀರಿಕೊಂಡ. ರಜಾ ದಿನಗಳಲ್ಲಿ ಚಲ್ಲಘಟ್ಟದ ಗಾಲ್ಫ್ ಮೈದಾನದಲ್ಲಿ ಕ್ಯಾಡಿಯಾಗಿ ಚೀಲ ಹೊರುತ್ತಿದ್ದ ಅವನು, ಕ್ಯಾಡಿಗಳಿಗೆಂದೇ ನಡೆಯುವ ಸ್ಪರ್ಧೆಗಳಲ್ಲಿ ಆಡಲು ಕಲಿತು, ಕೆಲಸಕ್ಕೆ ಸೇರಿದ ಮೇಲೆ ಎಲ್ಲಿ ಸ್ಪರ್ಧೆಯಿದ್ದರೂ ಸಾಲ ಮಾಡಿಯಾದರೂ ಹೆಸರು ನೋಂದಾಯಿಸುತ್ತಿದ್ದ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಕೊನೆಯ ಸುತ್ತು ಆಡಿದ ದಿನ, ಅಂದರೆ 2021ರ ಆಗಸ್ಟ್ 7ರಂದು, ಈ ಆಟದ ಗಂಧಗಾಳಿಯೂ ಇಲ್ಲದ ನಮ್ಮನ್ನೆಲ್ಲ ಬೆಳಗಿನ ಜಾವವೇ ಫೋನ್ ಮಾಡಿ ಎಬ್ಬಿಸಿ ಟಿವಿಯ ಮುಂದೆ ಕೂರಿಸಿದ್ದ. ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ ಆಕೆ ನಾಲ್ಕನೆಯವರಾದಾಗ ಅವನಿಗೆ ಮಾತೇ ಹೊರಡಲಿಲ್ಲ.

ಸಹಪಾಠಿಗಳೆಲ್ಲ ಸೇರಿ ಸ್ವಲ್ಪ ಹಣ ಕೂಡಿಸಿದ್ದೇವೆ. ಅವನ ಹೆಸರಿನಲ್ಲಿ ಪಾರಿತೋಷಕ ಇಡೋಣವೆಂದು ಹಲವರ ಅಭಿಪ್ರಾಯ. ಈ ನಡುವೆ ಅವನ ಶ್ರೀಮತಿಯವರು ನಮಗೊಂದು ಇನ್ನೂರು ಪುಟದ ನೋಟ್‌ಬುಕ್ ತೋರಿಸಿದರು. ಆಡಿದ ಪ್ರತಿ ಸ್ಪರ್ಧೆಗೂ ಅದರಲ್ಲಿ ಹದಿನೆಂಟು ಚೌಕಗಳ ಒಂದು ಸಾಲಿದೆ. ಒಂದು ಸಾಲಿನಲ್ಲಿ 5 ಎಂದು ಬರೆದು, ಹೊಡೆದು ಹಾಕಿ, 6 ಎಂದು ತಿದ್ದಿ, ಪಕ್ಕದಲ್ಲಿ ಪೆನ್ಸಿಲ್‌ನಿಂದ ‘ಎಲೆ ತೆಗೆಯುವಾಗ ಚೆಂಡು ಅಲುಗಿತು, ಹೇಳಿದೆ’ ಎಂದು ಬರೆದಿದ್ದಾನೆ. ಇದರ ಅರ್ಥವೇನು? ಇಂಥವನ ನೆನಪಿಗೆ ಯಾವುದು ತಕ್ಕದ್ದೆಂದು ಆಟ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ – ನಿವೃತ್ತ ಬ್ಯಾಂಕ್ ನೌಕರ, ದೊಮ್ಮಲೂರು

ಆ ಸಾಲನ್ನು ಓದಿ ನನಗೆ ನಿಮ್ಮ ಗೆಳೆಯರ ಮೇಲೆ ಗೌರವ ಮೂಡಿತು. ಒಂದೊಂದು ಚೌಕದಲ್ಲಿರುವುದು ಒಂದೊಂದು ಗುಳಿಗೆ ಚೆಂಡನ್ನು ಸೇರಿಸಲು ತೆಗೆದುಕೊಂಡ ಹೊಡೆತಗಳ ಲೆಕ್ಕ; ಅದು ಕಡಿಮೆಯಾದಷ್ಟೂ ಒಳ್ಳೆಯದು. ಚೆಂಡಿನ ಪಕ್ಕದಲ್ಲಿರುವ ಒಣ ಎಲೆಯನ್ನು ತೆಗೆಯಲು ಅನುಮತಿಯಿದೆ; ಆದರೆ ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಹೊರಗೆ ಹಾಗೆ ತೆಗೆಯುವಾಗ ಚೆಂಡು ಕದಲಿದರೆ ಒಂದು ಹೊಡೆತದ ದಂಡ ಬೀಳುತ್ತದೆ, ಚೆಂಡನ್ನು ಮೊದಲಿದ್ದ ಜಾಗಕ್ಕೇ ಇಡಬೇಕಾಗುತ್ತದೆ. ಅವರ 5, 6 ಆದದ್ದು ಹೀಗೆ. ಸಾಮಾನ್ಯ ಸ್ಪರ್ಧೆಗಳಲ್ಲಿ ಪ್ರತಿ ಗುಂಪಿನ ಹಿಂದೆಯೂ ಅಂಪೈರ್ ಇರುವುದಿಲ್ಲ. ನಮ್ಮ ಅಂಕವನ್ನು ಬರೆಯುವವರು ಜೊತೆಯಲ್ಲಿ ಆಡುವ ಎದುರಾಳಿಯೇ, ಮತ್ತು ಚೆಂಡು ಕೂದಲೆಳೆಯಷ್ಟು ಕದಲಿದ್ದು ಹತ್ತಾರು ಗಜ ದೂರದಲ್ಲಿ ನಿಂತಿರುವ ಅವರಿಗೆ ಕಾಣುವುದಿಲ್ಲ, ಆಡುವವನೇ ಹೇಳಿಕೊಳ್ಳಬೇಕು. ಕೊನೆಯಲ್ಲಿ ಇಬ್ಬರೂ ಕಾರ್ಡಿಗೆ ಸಹಿ ಹಾಕುತ್ತಾರೆ, ತಿಳಿದೂ ಕಡಿಮೆ ಬರೆದವನನ್ನು ಸ್ಪರ್ಧೆಯಿಂದಲೇ ಹೊರಗಿಡಲಾಗುತ್ತದೆ. ದಂಡ ಹಾಕಿಸಿಕೊಂಡದ್ದನ್ನು ಮನೆಯ ನೋಟ್‌ಬುಕ್ಕಿನಲ್ಲೂ ಬಿಡದೆ ದಾಖಲಿಸಿದವರಿಗೆ, ಗೆಲುವಿನಷ್ಟೇ ಸ್ಪರ್ಧೆಯ ಈ ಶಿಸ್ತೂ ಪ್ರಿಯವಾಗಿತ್ತೆಂದು ನನ್ನ ನಂಬಿಕೆ. ಆ ಪುಸ್ತಕವನ್ನು ದಯವಿಟ್ಟು ಜೋಪಾನವಾಗಿಡಿ.

ಉತ್ತರ – ಕಿರಿಯ ಆಟಗಾರ್ತಿಯ ತಾಯಿ

ಪಾರಿತೋಷಕಕ್ಕಿಂತ ಒಂದು ಮಗುವಿನ ಆಟದ ಖರ್ಚನ್ನು ವಹಿಸಿಕೊಳ್ಳುವುದು ಮೇಲು ಎಂದು ನನ್ನ ಅನಿಸಿಕೆ. ಅಭ್ಯಾಸದ ಚೆಂಡುಗಳ ಬಾಡಿಗೆ, ಪ್ರವೇಶ ಶುಲ್ಕ, ಪರವೂರಿನ ಪಂದ್ಯವಾದರೆ ಪ್ರಯಾಣ ಮತ್ತು ವಸತಿ, ಎರಡು ವರ್ಷಕ್ಕೆ ಗಿಡ್ಡವಾಗಿಬಿಡುವ ಕ್ಲಬ್ಬುಗಳು (ಚೆಂಡು ಹೊಡೆಯುವ ಕೋಲುಗಳು), ಎಲ್ಲವೂ ಸೇರಿ ಕ್ಯಾಡಿಯ ಮನೆಯ ಮಗುವಿಗೆ ಈ ದಾರಿ ಬೇಗನೆ ಮುಚ್ಚಿಹೋಗುತ್ತದೆ. ಮುಚ್ಚದಿದ್ದರೆ ಏನಾಗಬಹುದೆಂಬುದಕ್ಕೆ ನಮ್ಮ ಊರಿನಲ್ಲೇ ನಿದರ್ಶನಗಳಿವೆ: ಕ್ಯಾಡಿಯಾಗಿದ್ದ ಸಿ. ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಗೆದ್ದರು, ಬಿಡದಿಯ ಬಳಿಯ ಮೈದಾನದಲ್ಲಿ ಚೆಂಡು ಹೆಕ್ಕುತ್ತಿದ್ದ ಚಿಕ್ಕರಂಗಪ್ಪನವರು ವೃತ್ತಿಪರ ಆಟಗಾರರಾದರು. ನಿಮ್ಮ ಗೆಳೆಯರು ನಡೆದದ್ದೂ ಇದೇ ದಾರಿಯಲ್ಲವೇ? ಹಣ ಕಡಿಮೆಯಿದ್ದರೆ ಒಂದೇ ಮಗುವನ್ನು ಆರಿಸಿ, ಆದರೆ ಒಂದು ಇಡೀ ಋತುವಿನ ಖರ್ಚನ್ನು ನೋಡಿಕೊಳ್ಳಿ. ಒಂದೆರಡು ಪಂದ್ಯಕ್ಕೆ ಕೊಟ್ಟು ನಿಲ್ಲಿಸಿದರೆ ಮಗುವಿನ ಮನಸ್ಸು ಮುರಿಯುತ್ತದೆ.

ಉತ್ತರ – ಮಲ್ಲೇಶ್ವರದ ಓದುಗ

ಮೇಲಿನ ಸಲಹೆಯನ್ನು ಒಪ್ಪುತ್ತೇನೆ, ಆದರೆ ಪಾರಿತೋಷಕವನ್ನು ಪೂರ್ತಿ ತಳ್ಳಿಹಾಕಬೇಡಿ. ವರ್ಷಕ್ಕೊಮ್ಮೆ ಧ್ವನಿವರ್ಧಕದಲ್ಲಿ ಆ ಹೆಸರನ್ನು ಕೇಳುವುದು ಮನೆಯವರಿಗೆ ಸಣ್ಣ ಸಮಾಧಾನವಲ್ಲ. ಕ್ಯಾಡಿಗಳ ಸ್ಪರ್ಧೆಯಲ್ಲಿ ಒಂದು ಬಹುಮಾನವನ್ನು ಅವರ ಹೆಸರಿನಲ್ಲಿ ಇಡಲು ಸಾಧ್ಯವೇ ಎಂದು ಸಂಘಟಕರನ್ನು ವಿಚಾರಿಸಿ. ಎಲ್ಲಕ್ಕಿಂತ ಮೊದಲು ಅವರ ಶ್ರೀಮತಿಯವರ ಇಷ್ಟವನ್ನು ಕೇಳಬೇಕು.

ಹಲಸೂರಿನ ಹಳೆಯ ವಿದ್ಯಾರ್ಥಿ

ಎಲ್ಲರಿಗೂ ಕೃತಜ್ಞತೆಗಳು. ಆ ತಿದ್ದುಪಡಿಯ ಅರ್ಥವನ್ನು ಅತ್ತಿಗೆಯವರಿಗೆ ಓದಿ ಹೇಳಿದೆ; ಅಂದು ಸಂಜೆ ಅವನು ಮನೆಗೆ ಬಂದು ಆ ವಿಷಯವನ್ನೇ ಎತ್ತಿರಲಿಲ್ಲವಂತೆ. ಮಗುವಿನ ಖರ್ಚನ್ನು ವಹಿಸಿಕೊಳ್ಳುವುದೇ ತಮಗೂ ಇಷ್ಟವೆಂದು ಅವರು ತಿಳಿಸಿದ್ದಾರೆ, ಅವನ ಕ್ಲಬ್ಬುಗಳನ್ನೂ ಕೊಡಲು ಸಿದ್ಧರಿದ್ದಾರೆ. ಹನ್ನೆರಡು ವರ್ಷದ ಮಗುವಿಗೆ ದೊಡ್ಡವರ ಕ್ಲಬ್ಬುಗಳನ್ನು ಕತ್ತರಿಸಿ ಹೊಂದಿಸಿಕೊಡುವುದು ಸರಿಯೇ, ಅಥವಾ ಭಾರ ಹೆಚ್ಚಾಗಿ ಕೈ ಕೆಡುತ್ತದೆಯೇ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.