ಸಮಸ್ಯಾಪೂರಣ: ಬೆಳಗಾಯಿತೆಂದತ್ತವಾ ಜಕ್ಕವಕ್ಕಿ

ಕೆರೆದಂಡೆ:
ಈ ವಾರದ ಸಮಸ್ಯೆ ಇದು. ಮೇಲಿನದು ಪದ್ಯದ ಕೊನೆಯ ಸಾಲು, ಅದಕ್ಕೆ ಹೊಂದುವ ಮೊದಲ ಮೂರು ಸಾಲು ನೀವು ಕಟ್ಟಬೇಕು. ಜಕ್ಕವಕ್ಕಿ ಅಂದರೆ ಚಕ್ರವಾಕ. ಇರುಳಿಡೀ ಜೋಡಿ ಅಗಲಿರುತ್ತದೆ, ಬೆಳಗಾದರೆ ಮತ್ತೆ ಸೇರುತ್ತದೆ ಅನ್ನುವುದು ಕವಿಗಳ ಹಳೆಯ ನಂಬಿಕೆ. ಹಾಗಿದ್ದ ಮೇಲೆ ಬೆಳಕು ಕಂಡು ಅತ್ತದ್ದು ಯಾಕೆ? ಪಂಚಮಾತ್ರೆಯ ಚೌಪದಿ, ಅಂದರೆ ಐದೈದು ಮಾತ್ರೆಯ (ಉಚ್ಚಾರದ ಕಾಲದ ಅಳತೆ) ಗುಂಪುಗಳ ನಾಲ್ಕು ಸಾಲು. ಎರಡು ಮತ್ತು ನಾಲ್ಕನೇ ಸಾಲಿನ ಕೊನೆಗೆ 3 ಮಾತ್ರೆ. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ, ‘ಳ’, ಮರೆಯಬೇಡಿ.

ಹೊಸಬ:
ಮೊದಲ ಸಾಲು ಮಾತ್ರ ಆಗಿದೆ ಮೇಷ್ಟ್ರೇ.
ಕಾಳರಾತ್ರಿಯ ಕಳೆದು ಜೊತೆಯ ಕಂಡಾನಂದ...

ಕೆರೆದಂಡೆ:
ಮಾತ್ರೆ ಸರಿ, ಪ್ರಾಸ ತಪ್ಪು. ‘ಬೆಳ’ದಲ್ಲಿ ಮೊದಲಕ್ಷರ ಲಘು (ಒಂದು ಮಾತ್ರೆ), ನಿಮ್ಮ ‘ಕಾ’ ಗುರು (ಎರಡು ಮಾತ್ರೆ), ಎರಡೂ ಹೊಂದುವುದಿಲ್ಲ. ‘ಕಳೆದು ಕಾಳಿರುಳನ್ನು’ ಅಂತ ತಿರುಗಿಸಿ, ಸರಿಹೋಗುತ್ತದೆ. ಆದರೆ ಆನಂದಬಾಷ್ಪ ಸುಲಭದ ದಾರಿ ಅಲ್ವಾ? ಎಲ್ಲ ಅಳುವಿಗೂ ಅದೇ ಮದ್ದು.

ತುಂಟಗವಿ:
ಕೊಳದ ಬದಿ ದೀಪವನು ಕಂಡು ರಾತ್ರಿಯೆ ಹಾರಿ
ಸುಳಿದಾಡಿ ಜೊತೆಯ ಕಾಣದೆಯೆ ಬಸವಳಿದು
ಬಿಳಿಬೆಳಕು ಬರಿಯ ಎಲ್ಲೀಡಿಯೆಂದು ತಿಳಿಯದೆ
ಬೆಳಗಾಯಿತೆಂದತ್ತವಾ ಜಕ್ಕವಕ್ಕಿ

ಕೆರೆದಂಡೆ:
ಹಹ್ಹಾ! ಬೆಂಗಳೂರಿನ ಕೆರೆಯ ಹಕ್ಕಿಗಳಿರಬೇಕು.

ದುರ್ಬೀನು:
ನಿಜವಾದ ಜಕ್ಕವಕ್ಕಿ ಕಿತ್ತಳೆ ಮೈಯ ಬಾತು. ಲಡಾಖ್ ಕಡೆ ಮರಿ ಮಾಡಿ ಚಳಿಗಾಲಕ್ಕೆ ಕೆಳಗಿಳಿದು ಬರುತ್ತದೆ. ರಾತ್ರಿ ದೂರ ದೂರ ಮೇಯುತ್ತ ಒಂದನ್ನೊಂದು ಕೂಗುತ್ತವೆ. ಆ ಕೂಗು ಕೇಳಿಯೇ ಕವಿಗಳು ವಿರಹ ಕಟ್ಟಿದರೇನೋ. ನನ್ನದೊಂದು:

ಇಳಿವ ಸಂಜೆಯ ನೆನೆದು ಕೊಕ್ಕಿನಲಿ ಕೊಕ್ಕಿಟ್ಟು
ಎಳೆಬಿಸಿಲು ಮೈತಾಗುವೊಡನೆ ನಡುಗುತ್ತ
ಉಳಿದುದಿನ್ನೆಷ್ಟು ಹೊತ್ತೆಂದು ಕೇಳುತ ಮತ್ತೆ
ಬೆಳಗಾಯಿತೆಂದತ್ತವಾ ಜಕ್ಕವಕ್ಕಿ

ಕೆರೆದಂಡೆ:
ಇದು ನಾನು ಕಾಯುತ್ತಿದ್ದ ಪೂರಣ. ಕೂಡಿದ ಗಳಿಗೆಯಲ್ಲೇ ಅಗಲಿಕೆಯ ಲೆಕ್ಕ ಶುರು! ಮೂರನೇ ಸಾಲು ಜಾಸ್ತಿ ಹಿಡಿಸಿತು. ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆ ಅದು.

ಕಾಫಿತೋಟ:
ಸುಮ್ನೆ ಓದಿಕೊಂಡು ಹೋಗೋಣ ಅಂತ ಬಂದವಳು. ಒಂದು ಬಂತು, ಹಾಕುತ್ತಿದ್ದೇನೆ.

ಒಳಗೆ ಪೆಟ್ಟಿಗೆ ಸಿದ್ಧ, ಹೊರಗೆ ಬೂಟಿಗೆ ಹೊಳಪು
ಕಳೆದಿತ್ತು ರಜೆಯ ಕಡೆಯಿರುಳು ಸದ್ದಿಲದೆ
ಗಳಿಗೆಗಳನೆಣಿಸುತ್ತ ತೋಳು ಬಿಡದಿದ್ದರೂ
ಬೆಳಗಾಯಿತೆಂದತ್ತವಾ ಜಕ್ಕವಕ್ಕಿ

ತುಂಟಗವಿ:
ಅಕ್ಕ, ಹಕ್ಕಿಗೆ ಬೂಟೇ?

ಕೆರೆದಂಡೆ:
ಗಂಡಹೆಂಡಿರನ್ನೇ ಜಕ್ಕವಕ್ಕಿ ಅಂದಿದ್ದಾರೆ ಮಾರಾಯ. ಇಲ್ಲಿ ನಂಬಿಕೆಯೇ ತಿರುವುಮುರುವಾಗಿದೆ, ನೋಡಿ. ಹಕ್ಕಿಯನ್ನು ಅಗಲಿಸುವುದು ಇರುಳು, ಸಿಪಾಯಿಯ ಮನೆಯಲ್ಲಿ ಅಗಲಿಸುವುದು ಬೆಳಗು. ‘ಸದ್ದಿಲದೆ’ ಅಂತ ಒಂದು ‘ಲ’ ಬಿಟ್ಟಿದ್ದೀರಿ, ಛಂದಸ್ಸಿಗೆ ಅದು ಬೇಕಿತ್ತು, ನಡೆಯುತ್ತದೆ.

ಹೊಸಬ:
ಅಕ್ಕ, ಬೂಟಿಗೆ ಹೊಳಪು ಕೊಟ್ಟವರು ಯಾರು? ಅವರೇನಾ?

ಕಾಫಿತೋಟ:
ನಾನೇ. ಹಿಂದಿನ ಸಂಜೆ ಜಗಲಿಯಲ್ಲಿ ಕೂತು ಉಜ್ಜುತ್ತಿದ್ದೆ. ಕಳಿಸುವುದಕ್ಕೆ ಮನಸ್ಸಿರಲಿಲ್ಲ. ಮಂಕು ಬೂಟಿನಲ್ಲಿ ಕಳಿಸುವುದಕ್ಕೂ ಮನಸ್ಸಿರಲಿಲ್ಲ.