ಅಂತರಗಂಗೆ ತೆಗೆಸುವುದು ಮೊದಲೋ, ಕೊಳಚೆ ತಡೆಯುವುದು ಮೊದಲೋ? ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಬೆಂಗಳೂರಿನ ಹೊರವಲಯದ ನಮ್ಮ ಬಡಾವಣೆಗೆ ಹೊಂದಿಕೊಂಡು ಸುಮಾರು 20 ಎಕರೆಯ ಕೆರೆಯಿದೆ. ಅದರ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಅಂತರಗಂಗೆ ಎಂಬ ತೇಲುವ ಕಳೆ ಮುಚ್ಚಿದೆ. ಮಳೆನೀರಿಗೆಂದಿರುವ ರಾಜಕಾಲುವೆಯಲ್ಲಿ ಮಳೆಯಿಲ್ಲದ ದಿನವೂ ನೀರು ಹರಿಯುತ್ತದೆ, ಅಂದರೆ ಕೊಳಚೆ ಸೇರುತ್ತಿದೆ. ನಿವಾಸಿಗಳು ಸೇರಿ 4 ಲಕ್ಷ ರೂಪಾಯಿ ಕೂಡಿಸಿದ್ದೇವೆ. ಅದನ್ನು ಮೊದಲು ಯಾವುದಕ್ಕೆ ಬಳಸಬೇಕು?

ನಿವೃತ್ತ ಅಧ್ಯಾಪಕ, ದಕ್ಷಿಣ ಬೆಂಗಳೂರು: ಅಂತರಗಂಗೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ ಎನ್ನುವಷ್ಟು ನೊಂದಿದ್ದೇನೆ. ಹಿಟಾಚಿಗೆ ಗಂಟೆಗೆ 1,400 ರೂಪಾಯಿ ಕೊಟ್ಟೆವು. ದಡದಿಂದ ಅದರ ತೋಳು ಎಟುಕದ ನಡುಭಾಗಕ್ಕೆ ಹರಿಗೋಲಿನಲ್ಲಿ ಆಳುಗಳನ್ನು ಇಳಿಸಿದೆವು. ತಲೆಗೆ 900 ರೂಪಾಯಿ ಕೂಲಿ, ಊಟ ಬೇರೆ. ಎಲ್ಲಕ್ಕಿಂತ ಭಾರವಾದದ್ದು ಸಾಗಣೆ. ಆ ಗಿಡದ ತೂಕದಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರೇ ಇರುತ್ತದೆ. ಏರಿಯಾಚೆ ಹರಡಿ ಒಣಗಿಸಿದ ಮೇಲೆ ಸಾಗಿಸಿ ಎಂದು ನಾನು ಹೇಳುತ್ತಲೇ ಇದ್ದರೂ ಗುತ್ತಿಗೆದಾರ ಹಸಿಯಾಗಿಯೇ ತುಂಬಿಸಿ, ಟ್ರ್ಯಾಕ್ಟರ್ ಲೋಡಿಗೆ 1,100 ರೂಪಾಯಿಯಂತೆ ಬಿಲ್ ಮಾಡಿದ. ಒಟ್ಟು 6,82,000 ರೂಪಾಯಿ ಖರ್ಚಾಯಿತು. ಮುಂಗಾರಿನ ಮೊದಲ ಮಳೆಗೇ ಕಾಲುವೆಯ ಕೊಳಚೆ ನುಗ್ಗಿತು. ಎರಡು ವಾರದಲ್ಲಿ ದುಪ್ಪಟ್ಟಾಗಬಲ್ಲ ಗಿಡವದು. ದೀಪಾವಳಿಯ ಹೊತ್ತಿಗೆ ತೂಬಿನಿಂದ ಕೋಡಿಯವರೆಗೆ ಮತ್ತೆ ಹಬ್ಬಿತ್ತು.

ಗೃಹಿಣಿ, ಉತ್ತರ ಬೆಂಗಳೂರು: ಮೇಲಿನ ಸರ್ ಬರೆದಿರುವುದು ಗುತ್ತಿಗೆದಾರನ ಕಥೆ, ಅದರಿಂದ ಕೆರೆಯ ಬಗ್ಗೆ ಏನೂ ತಿಳಿಯುವುದಿಲ್ಲ. ನಾವು ಜಕ್ಕೂರು ಕೆರೆಯನ್ನು ಮಾದರಿಯಾಗಿಟ್ಟುಕೊಂಡೆವು. ಅಲ್ಲಿ ಶುದ್ಧೀಕರಣ ಘಟಕದ ನೀರು ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಸಾಗಿ, ಕಳೆಗೆ ಗೊಬ್ಬರವಾಗುವ ಉಳಿದ ಸಾರಜನಕ, ರಂಜಕಗಳಲ್ಲಿ ಒಂದಷ್ಟನ್ನು ಅಲ್ಲಿಯೇ ಬಿಟ್ಟು ಕೆರೆಗೆ ಇಳಿಯುತ್ತದೆ. ಕರಗಿದ ಆಮ್ಲಜನಕ ಅಳೆಯುವ ಮೀಟರಿಗೆ ನಾವು 23,500 ರೂಪಾಯಿ ಕೊಟ್ಟೆವು. ನಸುಕಿನಲ್ಲಿಯೇ ಅಳೆಯಬೇಕು. ಪಾಚಿ ಬಿಸಿಲಿಗೆ ಬಿಡುವ ಆಮ್ಲಜನಕದಿಂದಾಗಿ ಮಧ್ಯಾಹ್ನ 9 ತೋರಿಸುತ್ತಿದ್ದ ನೀರು ಬೆಳಗಿನ 5 ಗಂಟೆಗೆ ಲೀಟರಿಗೆ 2 ಮಿಲಿಗ್ರಾಂಗೆ ಇಳಿದಿರುತ್ತಿತ್ತು. ಮೀನುಗಳು ತೂಬಿನ ಬಳಿ ಗುಂಪುಗೂಡಿ, ಬಾಯನ್ನು ನೀರಿನ ಮೇಲಕ್ಕೆ ತಂದು ಗುಟುಕರಿಸುತ್ತಿದ್ದವು. ಮೀನು ಮತ್ತು ವನ್ಯಜೀವಿಗಳಿಗೆ ಕನಿಷ್ಠ 4 ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡವೇ ಹೇಳುತ್ತದೆ. ಈಗ ನಮ್ಮಲ್ಲಿ ನಸುಕಿನಲ್ಲೂ ಅದಕ್ಕಿಂತ ಕೆಳಗಿಳಿಯುವುದು ಅಪರೂಪ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ನಿವೃತ್ತ ಅಧ್ಯಾಪಕ: ಮೇಡಂ, ನಿಮಗೆ ಮೇಲ್ಭಾಗದಲ್ಲಿ ಶುದ್ಧೀಕರಣ ಘಟಕವಿದೆ, ನಮಗೆ ಬರುವುದು ಹಸಿ ಕೊಳಚೆ. ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಹಾಕದಿದ್ದರೆ ಅದು ಕೊಳೆತು, ಹೀರಿದ್ದನ್ನು ನೀರಿಗೇ ಮರಳಿಸುತ್ತದೆ. ಆ ಕೊಯ್ಲಿನ ಲೆಕ್ಕವನ್ನು ಏಕೆ ಬರೆಯಲಿಲ್ಲ?

ಗೃಹಿಣಿ: ಕಳೆದ ವರ್ಷದ ಕೊಯ್ಲಿಗೆ 74,000 ರೂಪಾಯಿ ಆಯಿತು, ರಸೀದಿ ಇದೆ. ಮುಚ್ಚಿಟ್ಟವರನ್ನು ವಿಚಾರಿಸುವ ಧಾಟಿಯಲ್ಲಿ ನನ್ನನ್ನು ಕೇಳಬೇಡಿ.

ಟ್ರಸ್ಟ್ ಒಂದರ ಖಜಾಂಚಿ: ನೀವಿಬ್ಬರೂ ಕಾವಲುಗಾರನ ಸಂಬಳವನ್ನು ಮರೆತಿದ್ದೀರಿ. ಕೆರೆಗಳ ನಿರ್ವಹಣೆಗೆ ಪಾಲಿಕೆಯು ಖಾಸಗಿ ಕಾರ್ಪೊರೇಟ್ ಸಂಸ್ಥೆಗಳೊಂದಿಗೆ ಒಡಂಬಡಿಕೆ ಮಾಡಿಕೊಳ್ಳಬಾರದೆಂದು 2020ರ ಮಾರ್ಚ್‌ನಲ್ಲಿ ಹೈಕೋರ್ಟ್ ಆದೇಶಿಸಿದ ಮೇಲೆ, ನಮ್ಮಂಥ ನಿವಾಸಿಗಳ ಟ್ರಸ್ಟ್‌ನ ಒಡಂಬಡಿಕೆಯೂ ನವೀಕರಣವಾಗಲಿಲ್ಲ. ಕಾಗದವಿಲ್ಲದವರಿಗೆ ದಾನಿಗಳು ಕೊಡುವುದಿಲ್ಲ. ತಿಂಗಳಿಗೆ 16,000 ರೂಪಾಯಿಯ ಕಾವಲುಗಾರನನ್ನು ಬಿಡಿಸಬೇಕಾಯಿತು; ಆಮೇಲೆ ರಾತ್ರಿ ಟ್ಯಾಂಕರ್‌ಗಳು ಶೌಚದ ಗುಂಡಿಯ ಹೊಲಸನ್ನು ಕಾಲುವೆಗೆ ಸುರಿಯತೊಡಗಿದವು.

ಹಕ್ಕಿವೀಕ್ಷಕಿ, ಮೈಸೂರು: ಹಣ ಕೂಡಿದವರೆಲ್ಲ ಕೊನೆಗೆ ಹೂಳೆತ್ತಿಸುತ್ತಾರೆಂಬುದು ನನ್ನ ಅಂಜಿಕೆ. ನಮ್ಮ ಕೆರೆಯ ಅಂಚನ್ನು ಯಂತ್ರದಿಂದ ಕಡಿದಾಗಿ ಕತ್ತರಿಸಿ, ಸುತ್ತ ಕಲ್ಲು ಕಟ್ಟಿ, ನಡಿಗೆ ದಾರಿಗೆ ದೀಪ ಹಾಕಿಸಿದರು. ತೆಳುನೀರಿನಲ್ಲಿ ನಡೆದು ಮೇಯುವ ಮೆಟ್ಟುಗಾಲು ಹಕ್ಕಿಗೆ ಈಗ ಕಾಲೂರಲು ಜಾಗವಿಲ್ಲ. ಜೊಂಡು ಹೋದ ಮೇಲೆ ನೇರಳೆ ಜಂಬುಕೋಳಿ ಗೂಡು ಕಟ್ಟಲಿಲ್ಲ. ಯಾರು ಏನೇ ಹೇಳಿದರೂ ಅಂಚಿನ ಮಣ್ಣನ್ನು ಮುಟ್ಟಬೇಡಿ.

ರೈತ, ಕೋಲಾರ: ಹೂಳು ಮುಟ್ಟಬೇಡಿ ಎನ್ನುವುದು ನಗರದವರ ಮಾತಮ್ಮ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡು, ಅಂದರೆ ಕೆರೆಯ ಹೂಳು, ಹೊಡೆದು ಹೊಲಕ್ಕೆ ಹಾಕಿಯೇ ನಮ್ಮ ಹಿರಿಯರು ಕೆರೆಯನ್ನು ಉಳಿಸಿದರು. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ನಮ್ಮ ಕೆರೆಗೆ ಬರುತ್ತಿದೆ; ನನ್ನ ಕೊಳವೆಬಾವಿಗೆ ಜೀವ ಬಂತು, ಅದನ್ನು ಇಲ್ಲವೆನ್ನಲಾರೆ. ಆದರೆ ಕೆರೆ ಈಗ ಬತ್ತುವುದೇ ಇಲ್ಲ. ಗೋಡಿಲ್ಲದೆ ಕೊಟ್ಟಿಗೆ ಗೊಬ್ಬರವನ್ನು ಟ್ರ್ಯಾಕ್ಟರಿಗೆ 5,500 ರೂಪಾಯಿ ಕೊಟ್ಟು ಕೊಳ್ಳುತ್ತಿದ್ದೇನೆ.

ಹಕ್ಕಿವೀಕ್ಷಕಿ: ಗುದ್ದಲಿಯಲ್ಲಿ ಗೋಡು ಹೊಡೆದವರನ್ನು ನಾನು ದೂರಲಿಲ್ಲ. ನಗರದ ಕೊಳಚೆ ಕುಡಿದ ಕೆರೆಯ ಹೂಳಿನಲ್ಲಿ ಸೀಸ, ಕ್ರೋಮಿಯಂ ಇರಬಹುದು. ಪರೀಕ್ಷೆ ಮಾಡಿಸದೆ ಅದನ್ನು ರಾಗಿ ಹೊಲಕ್ಕೆ ಹಾಕಬಾರದು.

ರೈತ, ಕೋಲಾರ: ಅದನ್ನು ನಮಗೇ ಹೇಳುತ್ತೀರಾ? ನಮಗೆ ಬರುವುದು ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು. ಉಳಿದ ಕಲ್ಮಶವನ್ನು ತೆಗೆಯುವ ಮೂರನೇ ಹಂತವನ್ನೂ ಮಾಡಿ ಬಿಡಿ ಎಂದು ಈ ಭಾಗದ ರೈತರು ಕೇಳುತ್ತಲೇ ಇದ್ದೇವೆ. ಇಲ್ಲಿ ಬರೆಯುತ್ತಿರುವ ಬೆಂಗಳೂರಿನ ಒಂದೊಂದು ಸಂಘವೂ ಅದನ್ನೇ ಕೇಳಿ ಒಂದು ಪತ್ರ ಬರೆಯಲಿ. ಹೂಳಿನ ಪರೀಕ್ಷೆಯ ಖರ್ಚನ್ನು ನಾನು ಕೈಯಿಂದ ಹಾಕಿಕೊಳ್ಳುತ್ತೇನೆ.